54,999ಕ್ಕೆ ಎರಡು ಚಿಕ್ಕ ಫೋನ್: ಯಾವ ಕಂಪನಿ ಎಲ್ಲಿ ಕೈ ಬಿಗಿ ಹಿಡಿದಿದೆ?

ದಾವಣಗೆರೆಯ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ ‘ಚಿಕ್ಕ ಫೋನ್ ತೋರಿಸಿ’ ಎಂದು ಕೇಳಿ ನೋಡಿ. ಕೌಂಟರ್ ಮೇಲೆ ಬರುವುದು 6.7 ಇಂಚಿನದ್ದೇ. ‘ಈಗ ಎಲ್ಲಾ ದೊಡ್ಡವೇ ಸಾರ್, ಚಿಕ್ಕದನ್ನ ಯಾರು ಕೇಳ್ತಾರೆ’ ಎಂಬ ಮಾತೂ ಜೊತೆಗೆ ಬರುತ್ತದೆ. ಕೆಲವು ವರ್ಷ ಆ ಮಾತು ನಿಜವೇ ಆಗಿತ್ತು. ಆ್ಯಪಲ್ ಕಂಪನಿ 2020 ಮತ್ತು 2021ರಲ್ಲಿ 5.4 ಇಂಚಿನ ಮಿನಿ ಐಫೋನ್ ತಂದಿತು, ಆಮೇಲೆ ಕೈಬಿಟ್ಟಿತು. ಏಸಸ್‌ನ ಝೆನ್‌ಫೋನ್ 2023ರವರೆಗೆ 5.9 ಇಂಚಿನಲ್ಲಿತ್ತು. ಮರುವರ್ಷ ಒಂದೇ ಜಿಗಿತಕ್ಕೆ 6.78 ಇಂಚಾಯಿತು.

2025ರಲ್ಲಿ ಗಾಳಿ ತಿರುಗಿತು. ಜೂನ್ ತಿಂಗಳಲ್ಲಿ ಒನ್‌ಪ್ಲಸ್ 13ಎಸ್ ಬಂತು, ಪರದೆ 6.32 ಇಂಚು. ಜುಲೈನಲ್ಲಿ ವಿವೋ ಎಕ್ಸ್200 ಎಫ್‌ಇ ಬಂತು, ಪರದೆ 6.31 ಇಂಚು. 12 ಜಿಬಿ ರ್‍ಯಾಮ್, 256 ಜಿಬಿ ಸ್ಟೋರೇಜ್ ಇರುವ ಮಾಡೆಲ್‌ಗೆ ಎರಡೂ ಕಂಪನಿ ಇಟ್ಟ ಬೆಲೆ 54,999 ರೂಪಾಯಿ. 512 ಜಿಬಿಯದ್ದಕ್ಕೂ ಎರಡೂ ಕಡೆ 59,999. ಉದ್ದ ಎರಡಕ್ಕೂ ಹೆಚ್ಚುಕಡಿಮೆ 151 ಮಿಲಿಮೀಟರ್, ಅಗಲ 72ಕ್ಕಿಂತ ಒಂದು ಕೂದಲು ಕಮ್ಮಿ. ತೂಕ ಒಂದರದ್ದು 185 ಗ್ರಾಂ, ಇನ್ನೊಂದರದ್ದು 186. ಕಣ್ಣು ಮುಚ್ಚಿ ಎರಡನ್ನೂ ಕೈಗಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ಬೆಲೆ ಒಂದೇ, ಗಾತ್ರ ಒಂದೇ. ಹಾಗಾದರೆ ಹೋಲಿಸುವುದು ಏನನ್ನು?

ನಾವು ಸಾಮಾನ್ಯವಾಗಿ ಮಾಡುವುದು ಇಷ್ಟು: ಎರಡರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ಯಾವ ಸಾಲಿನಲ್ಲಿ ಯಾವುದರ ಅಂಕಿ ದೊಡ್ಡದು ಎಂದು ಟಿಕ್ ಹಾಕುತ್ತಾ ಹೋಗುತ್ತೇವೆ. ಕೊನೆಗೆ ಜಾಸ್ತಿ ಟಿಕ್ ಬಿದ್ದದ್ದು ಗೆಲ್ಲುತ್ತದೆ. ನನ್ನ ಪ್ರಕಾರ ಈ ಲೆಕ್ಕ ತಲೆಕೆಳಗು. 54,999ಕ್ಕೆ ಫೋನ್ ಮಾಡಬೇಕು ಎಂದು ಕೂತ ಕಂಪನಿಗೆ ಎಲ್ಲವನ್ನೂ ಕೊಡಲು ಆಗುವುದಿಲ್ಲ. ಒಂದು ಕಡೆ ಧಾರಾಳವಾಗಿ ದುಡ್ಡು ಹಾಕುತ್ತದೆ, ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದೆ. ಧಾರಾಳ ಮಾಡಿದ್ದು ಜಾಹೀರಾತಿನಲ್ಲಿ ಇರುತ್ತದೆ, ಅದನ್ನು ಹುಡುಕಬೇಕಾಗಿಲ್ಲ. ಬಿಗಿ ಹಿಡಿದದ್ದನ್ನು ನಾವೇ ಹುಡುಕಬೇಕು. ಹುಡುಕಿದ ಮೇಲೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಕೊರತೆ ನಮ್ಮ ಊರಿನಲ್ಲಿ, ನಮ್ಮ ಬಳಕೆಯಲ್ಲಿ ನಮಗೆ ತಾಕುತ್ತದೋ ಇಲ್ಲವೋ?

ಚಿಕ್ಕದು ವಾಪಸ್ ಬಂದದ್ದು ಹೇಗೆ

ಮಿನಿ ಫೋನ್‌ಗಳಿಗೆ ಪೆಟ್ಟು ಕೊಟ್ಟಿದ್ದು ಬ್ಯಾಟರಿ. ಐಫೋನ್ 13 ಮಿನಿಯಲ್ಲಿ ಇದ್ದದ್ದು ಸುಮಾರು 2,400 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ). ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ ಹೊರಟವರು ಸಂಜೆಗೆ ಚಾರ್ಜರ್ ಹುಡುಕುತ್ತಿದ್ದರು. ಈಗ ಚೀನಾದ ಕಂಪನಿಗಳು ಸಿಲಿಕಾನ್-ಕಾರ್ಬನ್ ಬ್ಯಾಟರಿ ಬಳಸುತ್ತಿವೆ. ಮಾಮೂಲಿ ಲಿಥಿಯಂ ಬ್ಯಾಟರಿಯ ಒಂದು ತುದಿಯಲ್ಲಿ ಗ್ರಾಫೈಟ್ ಇರುತ್ತದೆ. ಅದಕ್ಕೆ ಸಿಲಿಕಾನ್ ಬೆರೆಸಿದರೆ ಅಷ್ಟೇ ಜಾಗದಲ್ಲಿ ಜಾಸ್ತಿ ಲಿಥಿಯಂ ಹಿಡಿಯುತ್ತದೆ. ಬರೀ ಸಿಲಿಕಾನ್ ಹಾಕಿದರೆ ಚಾರ್ಜ್ ಆಗುವಾಗ ಅದು ಊದಿಕೊಂಡು ಒಡೆಯುತ್ತದೆ. ಅದಕ್ಕೇ ಕಾರ್ಬನ್ ಜೊತೆ ಸೇರಿಸುತ್ತಾರೆ. ಇದರ ಫಲವಾಗಿ ಒನ್‌ಪ್ಲಸ್‌ನಲ್ಲಿ 5,850 ಎಂಎಎಚ್, ವಿವೋದಲ್ಲಿ 6,500 ಎಂಎಎಚ್ ಕೂತಿದೆ. ಎರಡು ವರ್ಷದ ಹಿಂದೆ ದೊಡ್ಡ ಫೋನ್‌ಗಳಲ್ಲೂ 5,000 ಇದ್ದರೆ ಅದೇ ಹೆಚ್ಚು ಎನ್ನುತ್ತಿದ್ದೆವು.

ಅಂದ ಹಾಗೆ, ಇವು ಹಳೆಯ ಅರ್ಥದಲ್ಲಿ ಚಿಕ್ಕವಲ್ಲ. 13 ಮಿನಿಯ ಅಗಲ 64 ಮಿಲಿಮೀಟರ್ ಇತ್ತು, ತೂಕ 140 ಗ್ರಾಂ. ಇವು 72ರ ಹತ್ತಿರ. ಹೆಬ್ಬೆರಳು ಇನ್ನೊಂದು ಅಂಚಿಗೆ ಮುಟ್ಟುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅಗಲವೇ, ಇಂಚಿನ ಲೆಕ್ಕ ಅಲ್ಲ. ಅಂಗಡಿಯಲ್ಲಿ ಡೆಮೊ ಪೀಸ್ ಹಿಡಿದಾಗ ಅದಕ್ಕೆ ಕವರ್ ಇರುವುದಿಲ್ಲ. ಮನೆಗೆ ತಂದ ದಿನವೇ ನಾವು ಕವರ್ ಹಾಕುತ್ತೇವೆ. ಅಗಲ ಎರಡು ಮೂರು ಮಿಲಿಮೀಟರ್ ಏರುತ್ತದೆ, ತೂಕ 200 ಗ್ರಾಂ ದಾಟುತ್ತದೆ. ಹಾಗಾಗಿ ಕವರ್ ಹಾಕಿಸಿಯೇ ಹಿಡಿದು ನೋಡಿ. ದಪ್ಪ ಕವರ್ ಹಾಕಲೇಬೇಕು ಎನ್ನುವವರು ಚಿಕ್ಕ ಫೋನಿಗೆ ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥವೇ ಇಲ್ಲ.

ಒನ್‌ಪ್ಲಸ್ ದುಡ್ಡು ಹಾಕಿದ್ದು ಚಿಪ್ಪಿಗೆ

13ಎಸ್ ಒಳಗಿರುವುದು ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್. 2024ರ ಅಕ್ಟೋಬರ್‌ನಲ್ಲಿ ಬಂದ ಚಿಪ್ ಇದು, 3 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾಗಿದೆ (ಈ ಅಂಕಿ ಚಿಕ್ಕದಾದಷ್ಟೂ ತಂತ್ರ ಹೊಸದು). ಇದೇ ಕಂಪನಿ 69,999ಕ್ಕೆ ಮಾರಿದ ಒನ್‌ಪ್ಲಸ್ 13ರಲ್ಲೂ ಇದೇ ಚಿಪ್. ವಿವೋ ಹಾಕಿರುವುದು ಮೀಡಿಯಾಟೆಕ್‌ನ ಡೈಮೆನ್ಸಿಟಿ 9300 ಪ್ಲಸ್. 2024ರ ಮೇನಲ್ಲಿ ಬಂದದ್ದು, 4 ನ್ಯಾನೊಮೀಟರ್. ಎಕ್ಸ್200 ಎಂಬ ಅಣ್ಣನಿಗೆ ಆ ಕಂಪನಿ ಹೊಸ 9400 ಕೊಟ್ಟಿತ್ತು, ತಮ್ಮನಿಗೆ ಹಿಂದಿನ ಸಾಲಿನದ್ದು ಸಾಕು ಎಂದಿತು. ವಿವೋ ಕೈ ಬಿಗಿ ಹಿಡಿದ ಮೊದಲ ಜಾಗ ಇದು. ಎರಡನೆಯದು ಸ್ಟೋರೇಜ್. ಒನ್‌ಪ್ಲಸ್‌ನಲ್ಲಿ ಯುಎಫ್‌ಎಸ್ 4.0 ಎಂಬ ಹೊಸ ಬಗೆಯ ಸ್ಟೋರೇಜ್ ಇದೆ, ವಿವೋದಲ್ಲಿ ಹಳೆಯ ಯುಎಫ್‌ಎಸ್ 3.1. ಕಾಗದದ ಮೇಲೆ ಅರ್ಧದಷ್ಟು ವೇಗ.

ಇದು ನಮಗೆ ತಾಕುತ್ತದಾ? ವಾಟ್ಸ್‌ಆ್ಯಪ್, ಫೋನ್‌ಪೇ, ಯೂಟ್ಯೂಬ್, ಎಪಿಎಂಸಿ ದರ ನೋಡುವುದು, ಮಕ್ಕಳ ಶಾಲೆಯ ಆ್ಯಪ್ — ಈ ಕೆಲಸಗಳಲ್ಲಿ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. 9300 ಪ್ಲಸ್ ಕೂಡ ತನ್ನ ವರ್ಷದ ಮೇಲ್ದರ್ಜೆಯ ಚಿಪ್ಪೇ. ವ್ಯತ್ಯಾಸ ಕಾಣುವುದು ಗಂಟೆಗಟ್ಟಲೆ ಬಿಜಿಎಂಐ ಆಡುವವರಿಗೆ, ಫೋನಿನಲ್ಲೇ 4ಕೆ ವಿಡಿಯೊ ಎಡಿಟ್ ಮಾಡಿ ರೀಲ್ಸ್ ಹಾಕುವವರಿಗೆ. ಬಿಐಇಟಿ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಇಂಥವರು ಬೇಕಾದಷ್ಟು ಸಿಗುತ್ತಾರೆ. ಅವರ ಮಟ್ಟಿಗೆ ಒನ್‌ಪ್ಲಸ್ ಹಾಕಿದ ದುಡ್ಡು ಸುಮ್ನೆ ಹೋಗಿಲ್ಲ.

ಆದರೆ ಇಲ್ಲೊಂದು ಕೊಂಕಿದೆ. ಬೆಂಚ್‌ಮಾರ್ಕ್ ಅಂಕಿಗಳು, ಅಂದರೆ ವೇಗ ಅಳೆಯುವ ಪರೀಕ್ಷೆಯ ಅಂಕಿಗಳು, ಬರುವುದು ಕೆಲವೇ ನಿಮಿಷದ ಪರೀಕ್ಷೆಯಿಂದ. ಚಿಕ್ಕ ಮೈಯಲ್ಲಿ ಶಾಖ ಹೊರಗೆ ಹೋಗಲು ಜಾಗ ಕಮ್ಮಿ. ಬಿಸಿಯಾದಂತೆ ಚಿಪ್ ತಾನೇ ತನ್ನ ವೇಗ ಇಳಿಸಿಕೊಳ್ಳುತ್ತದೆ. ಏರ್ ಕಂಡೀಷನ್ ಕೋಣೆಯಲ್ಲಿ ಬಂದ ಅಂಕಿ ಏಪ್ರಿಲ್ ತಿಂಗಳ ನಿಟ್ಟುವಳ್ಳಿಯ ಮನೆಯಲ್ಲಿ ಬರುವುದಿಲ್ಲ. ಚಿಪ್ಪಿನ ಬಲ ಜಾಸ್ತಿ ಇದ್ದಷ್ಟೂ ಚಿಕ್ಕ ಫೋನ್ ಅದರ ಪೂರ್ತಿ ಉಪಯೋಗ ಪಡೆಯುವುದು ಕಷ್ಟ. 3 ನ್ಯಾನೊಮೀಟರ್ ಚಿಪ್ಪಿನ ನಿಜವಾದ ಲಾಭ ಬೇರೆ ಕಡೆ ಇದೆ: ಅದೇ ಕೆಲಸಕ್ಕೆ ಕಮ್ಮಿ ಕರೆಂಟ್ ತಿನ್ನುತ್ತದೆ. ಆದ್ದರಿಂದ 6,500 ಮತ್ತು 5,850ರ ನಡುವೆ ಕಾಗದದ ಮೇಲೆ ಶೇಕಡ 11ರ ಅಂತರ ಇದ್ದರೂ ಬಳಕೆಯಲ್ಲಿ ಅಷ್ಟು ಇರುವುದಿಲ್ಲ. ಬ್ಯಾಟರಿ ಸಾಲಿನಲ್ಲಿ ವಿವೋಗೆ ಟಿಕ್ ಹಾಕಿ, ಆದರೆ ಚಿಕ್ಕ ಟಿಕ್.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. 13ಎಸ್ ಎಂಬುದು ಚೀನಾದಲ್ಲಿ 2025ರ ಏಪ್ರಿಲ್‌ನಲ್ಲಿ ಬಂದ 13ಟಿ ಎಂಬ ಫೋನಿನ ನಮ್ಮ ದೇಶದ ರೂಪ. ಅಲ್ಲಿಯದರಲ್ಲಿ ಬ್ಯಾಟರಿ 6,260, ಇಲ್ಲಿಯದರಲ್ಲಿ 5,850. ಮುಂದಿನ ಕ್ಯಾಮೆರಾ ಅಲ್ಲಿ 16 ಮೆಗಾಪಿಕ್ಸೆಲ್, ಇಲ್ಲಿ 32. ಯೂಟ್ಯೂಬ್‌ನಲ್ಲಿ ಮೊದಲು ಬಂದ ವಿಡಿಯೊಗಳೆಲ್ಲ ಚೀನಾ ಮಾಡೆಲ್‌ನವು. ಅದನ್ನು ನೋಡಿ ‘ಬ್ಯಾಟರಿ ಎರಡು ದಿನ ಬರುತ್ತಂತೆ’ ಎಂದು ಹೊರಟರೆ ಲೆಕ್ಕ ತಪ್ಪುತ್ತದೆ. ಎಕ್ಸ್200 ಎಫ್‌ಇಗೂ ಚೀನಾದಲ್ಲಿ ಎಸ್30 ಪ್ರೊ ಮಿನಿ ಎಂಬ ಜೋಡಿ ಇದೆ. ವಿಡಿಯೊದಲ್ಲಿ ಯಾವ ಮಾಡೆಲ್ ಹಿಡಿದಿದ್ದಾರೆ ಎಂದು ಮೊದಲು ನೋಡಿಕೊಳ್ಳಿ.

ಕ್ಯಾಮೆರಾದಲ್ಲಿ ಇಲ್ಲದ್ದು

ಒನ್‌ಪ್ಲಸ್ ಕೈ ಬಿಗಿ ಹಿಡಿದದ್ದು ಇಲ್ಲಿ. ಹಿಂದೆ ಎರಡು ಕ್ಯಾಮೆರಾ ಇವೆ, ಎರಡೂ 50 ಮೆಗಾಪಿಕ್ಸೆಲ್. ಒಂದು ಮಾಮೂಲಿ, ಇನ್ನೊಂದು 2 ಪಟ್ಟು ಹತ್ತಿರ ತೋರಿಸುವ ಟೆಲಿಫೋಟೊ. ಅಗಲವಾಗಿ ಹಿಡಿಯುವ ಅಲ್ಟ್ರಾವೈಡ್ ಇಲ್ಲವೇ ಇಲ್ಲ. 55 ಸಾವಿರದ ಫೋನಿನಲ್ಲಿ ಇದು ದೊಡ್ಡ ಬಿಡುವಿಕೆ. 15 ಸಾವಿರದ ಫೋನ್‌ಗಳಲ್ಲೂ ಅಲ್ಟ್ರಾವೈಡ್ ಸಿಗುತ್ತದೆ.

ಅದಕ್ಕಿಂತ ನನಗೆ ಅರ್ಥವಾಗದ್ದು ಆ 2 ಪಟ್ಟಿನ ಲೆನ್ಸ್. 50 ಮೆಗಾಪಿಕ್ಸೆಲ್ ಸೆನ್ಸರ್ ಮಾಮೂಲಿಯಾಗಿ ನಾಲ್ಕು ಚುಕ್ಕಿಯನ್ನು ಒಂದು ಮಾಡಿ ಸುಮಾರು 12.5 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. ಅದೇ ಸೆನ್ಸರ್‌ನ ನಡುವಿನ ಕಾಲು ಭಾಗವನ್ನು ಕತ್ತರಿಸಿಕೊಂಡರೂ 2 ಪಟ್ಟು ಹತ್ತಿರದ, 12.5 ಮೆಗಾಪಿಕ್ಸೆಲ್ ಫೋಟೊ ಬರುತ್ತದೆ. ಅಂದರೆ ಬೆಳಕು ಚೆನ್ನಾಗಿದ್ದಾಗ ಮುಖ್ಯ ಕ್ಯಾಮೆರಾ ಒಂದೇ ಮಾಡಬಹುದಾದ ಕೆಲಸಕ್ಕೆ ಇನ್ನೊಂದು ಲೆನ್ಸ್ ಕೂರಿಸಿದ್ದಾರೆ. ‘ಎರಡು 50 ಮೆಗಾಪಿಕ್ಸೆಲ್ ಕ್ಯಾಮೆರಾ’ ಎಂದು ಬರೆಯಲು ಚೆನ್ನಾಗಿರುತ್ತದೆ, ನಿಜ.

ವಿವೋದಲ್ಲಿ ಮೂರು. 50ರ ಮುಖ್ಯ ಕ್ಯಾಮೆರಾ, 50ರ 3 ಪಟ್ಟು ಟೆಲಿಫೋಟೊ, 8 ಮೆಗಾಪಿಕ್ಸೆಲ್‌ನ ಅಲ್ಟ್ರಾವೈಡ್. ಜರ್ಮನಿಯ ಲೆನ್ಸ್ ಕಂಪನಿ ಝೈಸ್ ಹೆಸರೂ ಮೇಲಿದೆ. 8 ಮೆಗಾಪಿಕ್ಸೆಲ್‌ನದು ಹೆಸರಿಗೆ ಮಾತ್ರ ಇದೆ ಎಂದರೂ ತಪ್ಪಿಲ್ಲ, ರಾತ್ರಿ ಹೊತ್ತು ಅದರಿಂದ ದೊಡ್ಡದೇನೂ ನಿರೀಕ್ಷಿಸಬೇಡಿ. ಆದರೆ ಹಗಲಿನಲ್ಲಿ ಇದ್ದದ್ದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಇದ್ದೇ ಇದೆ.

ಎಲ್ಲಿ ವ್ಯತ್ಯಾಸ ಅಂದರೆ, ಚಿತ್ರದುರ್ಗದ ಕೋಟೆ ಬಾಗಿಲ ಮುಂದೆ ಮನೆಯವರನ್ನು ನಿಲ್ಲಿಸಿ ನೋಡಿ. ಕೋಟೆಯ ದಾರಿಗಳು ಬೇಕೆಂತಲೇ ಇಕ್ಕಟ್ಟಾಗಿ, ತಿರುವು ತಿರುವಾಗಿ ಕಟ್ಟಿದವು. ಹಿಂದಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಮಾಮೂಲಿ ಲೆನ್ಸಿನಲ್ಲಿ ಜನ ಬಂದರೆ ಗೋಡೆ ಬರುವುದಿಲ್ಲ, ಗೋಡೆ ಬಂದರೆ ಜನ ಬರುವುದಿಲ್ಲ. ಚಿಕ್ಕ ಮನೆಯ ಗೃಹಪ್ರವೇಶದ ಫೋಟೊದಲ್ಲೂ ಇದೇ ಪಾಡು. ಅಲ್ಟ್ರಾವೈಡ್ ಕೆಲಸಕ್ಕೆ ಬರುವುದು ಇಂಥ ಕಡೆ. ಇನ್ನು 3 ಪಟ್ಟಿನ ಲೆನ್ಸ್ ಕೆಲಸಕ್ಕೆ ಬರುವುದು ಮದುವೆ ಹಾಲ್‌ನಲ್ಲಿ. ಎಂಟನೇ ಸಾಲಿನಲ್ಲಿ ಕೂತು ವೇದಿಕೆ ಮೇಲಿನ ಅಕ್ಷತೆ ಹಿಡಿಯಬೇಕು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಜನಸಾಗರದಲ್ಲಿ ಮುಂದೆ ಹೋಗುವ ಮಾತೇ ಇಲ್ಲ, ನಿಂತಲ್ಲಿಂದಲೇ ತೆಗೆಯಬೇಕು. ಹತ್ತಿರದಿಂದ ಒಬ್ಬರ ಮುಖ ತೆಗೆಯುವಾಗಲೂ 3 ಪಟ್ಟಿನ ಲೆನ್ಸಿನಲ್ಲಿ ಮೂಗು ದೊಡ್ಡದಾಗದೆ ಮುಖ ಲಕ್ಷಣವಾಗಿ ಬರುತ್ತದೆ. ಕುಂದವಾಡ ಕೆರೆಯ ಹಕ್ಕಿ ತೆಗೆಯಬೇಕು ಎನ್ನುವವರು ಮಾತ್ರ ಎರಡನ್ನೂ ಮರೆತುಬಿಡಿ. ಅದಕ್ಕೆ 3 ಪಟ್ಟು ಎಲ್ಲಿ ಸಾಲುತ್ತದೆ?

ಮುಖ್ಯ ಕ್ಯಾಮೆರಾಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಎರಡರಲ್ಲೂ ಸೋನಿ ಸೆನ್ಸರ್, ಗಾತ್ರವೂ ಒಂದೇ, ಕೈ ಅದುರಿದರೆ ಸರಿಮಾಡುವ ಓಐಎಸ್ ಎರಡರಲ್ಲೂ ಇದೆ. ಬಣ್ಣ ಯಾರದ್ದು ಚೆಂದ ಎಂಬುದು ಅವರವರ ಕಣ್ಣಿಗೆ ಬಿಟ್ಟದ್ದು. ಸೆಲ್ಫಿಗೆ ಒಂದರಲ್ಲಿ 32, ಇನ್ನೊಂದರಲ್ಲಿ 50 ಮೆಗಾಪಿಕ್ಸೆಲ್. ಸ್ಟೇಟಸ್‌ಗೆ ಹಾಕಿದ ಮೇಲೆ ವಾಟ್ಸ್‌ಆ್ಯಪ್ ಹೇಗೂ ಎರಡನ್ನೂ ಕುಗ್ಗಿಸಿಬಿಡುತ್ತದೆ.

ನೀರು, ಧೂಳು, ಬಿಸಿಲು

ಐಪಿ ಎಂದು ಬರೆದಿರುವ ಅಂಕಿಯನ್ನು ನಮ್ಮ ಕಡೆ ಯಾರೂ ಗಮನಿಸುವುದಿಲ್ಲ. ಗಮನಿಸಬೇಕು. ಮೊದಲ ಅಂಕಿ ಧೂಳಿನದ್ದು, ಎರಡನೆಯದು ನೀರಿನದ್ದು. ಒನ್‌ಪ್ಲಸ್ 13ಎಸ್ ಐಪಿ65. ವಿವೋ ಎಕ್ಸ್200 ಎಫ್‌ಇ ಐಪಿ68 ಮತ್ತು ಐಪಿ69. ಎರಡರಲ್ಲೂ ಮೊದಲ ಅಂಕಿ 6. ಹಾಗಾಗಿ ಧೂಳಿನ ವಿಷಯದಲ್ಲಿ ಇಬ್ಬರೂ ಸಮ. ಚಳ್ಳಕೆರೆ ಕಡೆಯ ಗಾಳಿ ಧೂಳಿಗೂ, ಮೆಕ್ಕೆಜೋಳ ಒಕ್ಕುವ ಕಣದ ಧೂಳಿಗೂ ಎರಡೂ ಒಳಗೆ ದಾರಿ ಕೊಡುವುದಿಲ್ಲ. ಚಾರ್ಜಿಂಗ್ ತೂತಿನಲ್ಲಿ ಕೂರುವ ಕಸ ಮಾತ್ರ ಬೇರೆ ವಿಷಯ. ಅದನ್ನು ನಾವೇ ತೆಗೆಯಬೇಕು.

ನೀರಿನಲ್ಲಿ ಅಂತರ ಇದೆ. 5 ಎಂದರೆ ಪೈಪಿನಿಂದ ಚಿಮ್ಮುವ ನೀರನ್ನು ತಡೆಯುತ್ತದೆ ಎಂದರ್ಥ. ಮಳೆಗೆ ಸಾಕು. ನೀರಿನಲ್ಲಿ ಮುಳುಗಿದರೆ ತಡೆಯುತ್ತದೆ ಎಂದು ಅದರಲ್ಲಿ ಎಲ್ಲೂ ಇಲ್ಲ. 8 ಎಂದರೆ ಒಂದು ಮೀಟರ್‌ಗಿಂತ ಹೆಚ್ಚು ಆಳದಲ್ಲಿ, ಕಂಪನಿ ಹೇಳಿದಷ್ಟು ಹೊತ್ತು ಮುಳುಗಿಸಿ ಪರೀಕ್ಷೆ ಮಾಡಿದ್ದಾರೆ ಎಂದು. 9 ಎಂದರೆ 80 ಡಿಗ್ರಿ ಬಿಸಿನೀರನ್ನು ಜೋರಾಗಿ ಹೊಡೆದು ನೋಡಿದ್ದಾರೆ ಎಂದು. ತನ್ನ ಒನ್‌ಪ್ಲಸ್ 13ಕ್ಕೆ ಐಪಿ68, ಐಪಿ69 ಎರಡನ್ನೂ ಕೊಟ್ಟ ಕಂಪನಿಗೆ 13ಎಸ್‌ಗೆ ಕೊಡಲು ಬರುವುದಿಲ್ಲ ಎಂದಲ್ಲ. ಉಳಿತಾಯ ಮಾಡಿದೆ, ಅಷ್ಟೇ.

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಹರಿಹರ, ಮಲೇಬೆನ್ನೂರು ಕಡೆಯವರನ್ನು ಕೇಳಿ. ಗದ್ದೆ ಬದುವಿನ ಮೇಲೆ ಬಗ್ಗಿದಾಗ ಅಂಗಿ ಜೇಬಿನಿಂದ ಫೋನ್ ಜಾರುವುದು ಹೊಸದಲ್ಲ. ಚನ್ನಗಿರಿ ತೋಟದಲ್ಲಿ ಔಷಧಿ ಹೊಡೆಯುವಾಗ ಜೇಬೆಲ್ಲ ಒದ್ದೆ. ಊರೊಳಗೆ ಇರುವವರಿಗೆ ಬಚ್ಚಲಮನೆಯ ಬಕೆಟ್ ಸಾಕು. ಇಂಥವರಿಗೆ ಈ ಒಂದು ಸಾಲು ಚಿಪ್ಪಿನ ಇಡೀ ಕಥೆಗಿಂತ ದೊಡ್ಡದು. ಆದರೆ ಇದಕ್ಕೂ ಒಂದು ಷರತ್ತಿದೆ. ಐಪಿ68 ಇದ್ದರೂ ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಒಮ್ಮೆ ಹೊರಗಡೆ ಡಿಸ್‌ಪ್ಲೇ ಬದಲಿಸಿದರೆ ಅಂಚಿನ ಅಂಟು ಮೊದಲಿನಂತೆ ಕೂರುತ್ತದೆ ಎಂಬ ಖಾತ್ರಿಯೂ ಇಲ್ಲ. ಇದನ್ನು ಆಪತ್ತಿಗೆ ಇಟ್ಟುಕೊಳ್ಳಿ, ಕೆರೆಗೆ ಇಳಿಸಿ ವಿಡಿಯೊ ಮಾಡಲು ಅಲ್ಲ.

ಬಿಸಿಲಿಗೆ ಮಾತ್ರ ಯಾವ ಅಂಕಿಯೂ ಇಲ್ಲ. ನಮ್ಮ ಬಯಲು ಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗೆ 35 ಡಿಗ್ರಿ ದಾಟುವುದು ಮಾಮೂಲು. ಆ್ಯಪಲ್ ತನ್ನ ಐಫೋನ್‌ಗಳನ್ನು 0ಯಿಂದ 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಿ ಎಂದು ಹೇಳುತ್ತದೆ. ಅಂದರೆ ನಮ್ಮ ಬೇಸಿಗೆಯ ಮಧ್ಯಾಹ್ನ ಆ ಮಿತಿಯ ಹೊರಗೇ. ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು, ಮ್ಯಾಪ್ ಹಾಕಿಕೊಂಡು ಓಡಾಡುವ ಡೆಲಿವರಿ ಹುಡುಗರ ಫೋನ್ ಬ್ಯಾಟರಿ ಬೇಗ ಸೋಲುವುದು ಇದೇ ಕಾರಣಕ್ಕೆ. ಲಿಥಿಯಂ ಬ್ಯಾಟರಿಗೆ ಶಾಖವೇ ವೈರಿ. ಒನ್‌ಪ್ಲಸ್ 80 ವ್ಯಾಟ್, ವಿವೋ 90 ವ್ಯಾಟ್ ಚಾರ್ಜರ್ ಡಬ್ಬಿಯಲ್ಲೇ ಕೊಡುತ್ತವೆ. ಆ್ಯಪಲ್, ಸ್ಯಾಮ್‌ಸಂಗ್ ಡಬ್ಬಿಯಲ್ಲಿ ಕೇಬಲ್ ಮಾತ್ರ ಇರುವ ಕಾಲದಲ್ಲಿ ಇದು ಒಳ್ಳೆಯದೇ. ಆದರೆ ಬಿಸಿಲಿನಿಂದ ಬಂದ ತಕ್ಷಣ, ಕವರ್ ಸಮೇತ ಅಷ್ಟು ಜೋರಾಗಿ ಚಾರ್ಜ್ ಮಾಡುವುದು ಬೇಡ.

ಬಿಸಿಲಿನಲ್ಲಿ ಪರದೆ ಕಾಣುವುದೂ ಒಂದು ಪ್ರಶ್ನೆ. ಪರದೆಯ ಬೆಳಕನ್ನು ಅಳೆಯುವುದು ನಿಟ್ಸ್‌ನಲ್ಲಿ. ವಿವೋ 5,000 ನಿಟ್ಸ್ ಎನ್ನುತ್ತದೆ, ಒನ್‌ಪ್ಲಸ್ 1,600 ಎನ್ನುತ್ತದೆ. ಮೂರು ಪಟ್ಟು ಬೆಳಕು ಎಂದುಕೊಳ್ಳಬೇಡಿ. ಮೊದಲನೆಯದು ಪರದೆಯ ಒಂದು ಸಣ್ಣ ಚೂರು ಕ್ಷಣಕಾಲ ಮುಟ್ಟಬಹುದಾದ ಗರಿಷ್ಠ. ಎರಡನೆಯದು ಬಿಸಿಲಿನಲ್ಲಿ ಇಡೀ ಪರದೆ ಕೊಡುವ ಬೆಳಕು. ಒಂದಕ್ಕೊಂದು ಹೋಲಿಸಲು ಬರುವ ಅಂಕಿಗಳೇ ಅಲ್ಲ. ಅಂಗಡಿಯವರಿಗೆ ಹೇಳಿ ಡೆಮೊ ಪೀಸ್ ಎರಡನ್ನೂ ಬಾಗಿಲಾಚೆ ಬಿಸಿಲಿಗೆ ತನ್ನಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಪುಟ ತೆರೆದು ನೋಡಿ. ಉತ್ತರ ಅಲ್ಲೇ ಸಿಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ಡೆಮೊ ಪೀಸ್ ಕೈಗೆ ಬಂದರೆ ಹೆಚ್ಚಿನವರು ಕ್ಯಾಮೆರಾ ತೆರೆದು ಅಂಗಡಿಯ ಟ್ಯೂಬ್‌ಲೈಟ್ ಫೋಟೊ ತೆಗೆಯುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಅದರ ಬದಲು ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರ ಎರಡು ಹೆಜ್ಜೆ ಏರಿಸಿ. ಚಿಕ್ಕ ಪರದೆಯ ನಿಜವಾದ ಪರೀಕ್ಷೆ ಇದು. ಕನ್ನಡ ಅಕ್ಷರಕ್ಕೆ ಒತ್ತು ಕೆಳಗೆ ಬರುತ್ತದೆ, ಸಾಲಿಗೆ ಎತ್ತರ ಜಾಸ್ತಿ ಬೇಕು. ಪದಗಳೂ ಉದ್ದ. ಇಂಗ್ಲಿಷ್‌ನಲ್ಲಿ ಸರಿಯಾಗಿ ಕೂರುವ ಬಟನ್ ಕನ್ನಡದಲ್ಲಿ ಅರ್ಧಕ್ಕೆ ಕತ್ತರಿಸಿ ಚುಕ್ಕಿ ಚುಕ್ಕಿ ಆಗುತ್ತದೆ. ನಿಮಗೆ ನಲವತ್ತೈದು ದಾಟಿದ್ದರೆ, ಓದಲು ಕನ್ನಡಕ ಬೇಕಾಗಿದ್ದರೆ, ಈ ಪರೀಕ್ಷೆಯ ನಂತರ 6.3 ಇಂಚು ಸಾಕಾ ಎಂದು ಇನ್ನೊಮ್ಮೆ ಯೋಚಿಸಿ. ಅಪ್ಪ ಅಮ್ಮನಿಗೆ ಚಿಕ್ಕ ಫೋನ್ ಹಗುರ ಎಂದು ಕೊಡಿಸುವ ಮಕ್ಕಳು ಇದನ್ನು ನೋಡುವುದೇ ಇಲ್ಲ.

ಇನ್ನೊಂದು, ಪರದೆ ಒಳಗಿನ ಬೆರಳಚ್ಚು ಸೆನ್ಸರ್. ಎರಡರಲ್ಲೂ ಇರುವುದು ಆಪ್ಟಿಕಲ್, ಅಂದರೆ ಬೆಳಕು ಬೀರಿ ಬೆರಳಿನ ಫೋಟೊ ತೆಗೆದುಕೊಳ್ಳುವಂಥದ್ದು. ಬೆಣ್ಣೆ ದೋಸೆ ತಿಂದು ಕೈ ಸರಿಯಾಗಿ ತೊಳೆಯದೆ ಬಿಲ್ ಕೊಡಲು ಹೋದರೆ ತಕರಾರು ಮಾಡುತ್ತದೆ. ಈ ಊರಿನಲ್ಲಿ ಇದೂ ಲೆಕ್ಕಕ್ಕೆ ಬರುವ ವಿಷಯವೇ, ಅಲ್ವಾ?

ಎರಡರಲ್ಲೂ ಇಲ್ಲದ್ದನ್ನೂ ತಿಳಿದಿರಿ. ಮೆಮೊರಿ ಕಾರ್ಡ್ ಹಾಕುವ ಜಾಗ ಇಲ್ಲ. ಇಯರ್‌ಫೋನ್ ತೂತು ಇಲ್ಲ. ವೈರ್‌ಲೆಸ್ ಚಾರ್ಜಿಂಗ್ ಇಲ್ಲ. ಸಾಫ್ಟ್‌ವೇರ್ ಮಟ್ಟಿಗೆ ಎರಡೂ ನಾಲ್ಕು ಆಂಡ್ರಾಯ್ಡ್ ಆವೃತ್ತಿ ಕೊಡುತ್ತೇವೆ ಎಂದಿವೆ. ಸುರಕ್ಷತೆಯ ಅಪ್‌ಡೇಟ್ ಒನ್‌ಪ್ಲಸ್‌ನಲ್ಲಿ ಆರು ವರ್ಷ, ವಿವೋದಲ್ಲಿ ಐದು. ಬ್ಯಾಂಕ್ ಆ್ಯಪ್‌ಗಳು ಹಳೆಯ ಆಂಡ್ರಾಯ್ಡ್‌ನಲ್ಲಿ ಕೆಲಸ ನಿಲ್ಲಿಸುವುದರಿಂದ ಫೋನನ್ನು ಜೀವ ಹೋಗುವವರೆಗೆ ಬಳಸುವವರಿಗೆ ಈ ಒಂದು ವರ್ಷ ಮುಖ್ಯ. ಮೂರು ವರ್ಷಕ್ಕೆ ಬದಲಿಸುವವರಿಗೆ ಅಲ್ಲ.

ಹೊಸ ಮಾಡೆಲ್ ಡಿಸ್‌ಪ್ಲೇ ಒಡೆದರೆ ಎಲ್ಲಿ ಸರಿಯಾಗುತ್ತದೆ ಎಂಬುದನ್ನು ಕೊಳ್ಳುವ ಮುಂಚೆಯೇ ಕೇಳಿ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ, ‘ಈ ಮಾಡೆಲ್ ಡಿಸ್‌ಪ್ಲೇ ಸ್ಟಾಕ್ ಇದೆಯಾ, ಎಷ್ಟಾಗುತ್ತೆ, ಎಷ್ಟು ದಿನ’ ಎಂದು ವಿಚಾರಿಸಿ. ಚಿಕ್ಕ ಫೋನ್ ಮಾರಾಟವಾಗುವುದೇ ಕಮ್ಮಿ, ಹಾಗಾಗಿ ಬಿಡಿಭಾಗ ಎಲ್ಲಾ ಊರಿನಲ್ಲೂ ಇಟ್ಟಿರುವುದಿಲ್ಲ. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ದಿನಕ್ಕೆ ನೂರು ಯುಪಿಐ ಪಾವತಿ ನೋಡುವವರು ‘ಬೆಂಗಳೂರಿಗೆ ಕಳಿಸಿದ್ದೇವೆ, ಹತ್ತು ದಿನ ಆಗುತ್ತೆ’ ಎಂಬ ಉತ್ತರ ಕೇಳಿ ಹೇಗೆ ಇರುತ್ತಾರೆ? ಅಂಥವರ ಮಟ್ಟಿಗೆ ಎರಡು ಫೋನ್‌ಗಳ ನಡುವಿನ ತೀರ್ಪನ್ನು ಈ ಒಂದು ಕರೆಯೇ ಕೊಡಬಹುದು.

ಯಾವುದು?

ನನ್ನನ್ನು ಕೇಳಿದರೆ ದಾವಣಗೆರೆ, ಚಿತ್ರದುರ್ಗದ ಹೆಚ್ಚಿನವರಿಗೆ ಹೊಂದುವುದು ವಿವೋ. ಅದು ಬಿಟ್ಟಿರುವ ಚಿಪ್ಪಿನ ವೇಗ, ಸ್ಟೋರೇಜ್ ವೇಗ ದಿನದ ಕೆಲಸದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಒನ್‌ಪ್ಲಸ್ ಬಿಟ್ಟಿರುವ ಅಲ್ಟ್ರಾವೈಡ್, 3 ಪಟ್ಟು ಲೆನ್ಸ್, ನೀರಿನ ತಡೆ ಬೇಕಾದ ದಿನ ಎದ್ದು ಕಾಣುತ್ತವೆ, ಆಮೇಲೆ ಹಾಕಿಸಲೂ ಬರುವುದಿಲ್ಲ. ಆಟ ಆಡುವವರು, ವಿಡಿಯೊ ಎಡಿಟ್ ಮಾಡುವವರು, ಐದಾರು ವರ್ಷ ಒಂದೇ ಫೋನ್ ಇಟ್ಟುಕೊಳ್ಳುವವರು ಒನ್‌ಪ್ಲಸ್ ಕಡೆ ಹೋದರೆ ನಾನು ಬೇಡ ಎನ್ನುವುದಿಲ್ಲ. ಸಾಫ್ಟ್‌ವೇರ್‌ಗೇ ಮೊದಲ ಮಣೆ ಎನ್ನುವವರು ಗೂಗಲ್ ಪಿಕ್ಸೆಲ್ 9ಎ ನೋಡಬಹುದು. ಅದೂ 6.3 ಇಂಚು, ಅದೂ 186 ಗ್ರಾಂ. 49,999ಕ್ಕೆ ಬಂದದ್ದು, ಏಳು ವರ್ಷ ಅಪ್‌ಡೇಟ್ ಎಂದಿದ್ದಾರೆ. ಚಾರ್ಜರ್ ಮಾತ್ರ ಬೇರೆ ಕೊಳ್ಳಬೇಕು, ಚಾರ್ಜ್ ಆಗುವುದೂ ನಿಧಾನ.

ಬೆಲೆ ಬಗ್ಗೆ ಎರಡು ತಪ್ಪು ಕಲ್ಪನೆ ಓಡಾಡುತ್ತಿವೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿದೆ, ಫೋನೂ ಅಗ್ಗವಾಗಬೇಕು ಎಂದು ಹಲವರು ಕೇಳುತ್ತಾರೆ. ಇಳಿದದ್ದು ಟಿವಿ, ಎಸಿಯಂಥವಕ್ಕೆ. ಫೋನಿಗೆ 2020ರ ಏಪ್ರಿಲ್‌ನಿಂದ ಇರುವ ಶೇಕಡ 18 ಹಾಗೇ ಇದೆ. 54,999ರಲ್ಲಿ ತೆರಿಗೆಯೇ ಸುಮಾರು 8,390 ರೂಪಾಯಿ. ಜಿಎಸ್‌ಟಿ ನಂಬರ್ ಇರುವ ವ್ಯಾಪಾರಿಗಳು ವ್ಯಾಪಾರಕ್ಕೆಂದೇ ಫೋನ್ ಕೊಳ್ಳುವುದಾದರೆ ಅಂಗಡಿ ಹೆಸರಿಗೆ, ನಂಬರ್ ಹಾಕಿಸಿ ಬಿಲ್ ಮಾಡಿಸಿ. ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಮಾತಾಡಿ. ಎರಡನೆಯದು, ‘ಇನ್ನಾರು ತಿಂಗಳು ಕಾದರೆ ಕಮ್ಮಿ ಆಗುತ್ತೆ’ ಎಂಬುದು. ಮುಂಚೆ ಆಗುತ್ತಿತ್ತು. ಎಐ ಸರ್ವರ್‌ಗಳಿಗೆ ಮೆಮೊರಿ ಚಿಪ್ ಹರಿದು ಹೋಗುತ್ತಿರುವುದರಿಂದ 2025ರ ಕೊನೆಯಿಂದ ರ್‍ಯಾಮ್, ಸ್ಟೋರೇಜ್ ಎರಡರ ಬೆಲೆಯೂ ಏರಿದೆ. ಈಗ ಕಾದವರಿಗೆ ಲಾಭ ಎಂಬ ಖಾತ್ರಿ ಇಲ್ಲ. ನಾನು ಇಲ್ಲಿ ಹೇಳಿದ್ದೆಲ್ಲ ಬಿಡುಗಡೆಯ ದಿನದ ಬೆಲೆ, ಇವತ್ತಿನದು ಅಂಗಡಿಯಲ್ಲೇ ಕೇಳಿ.

ಕಂತಿನಲ್ಲಿ ತೆಗೆದುಕೊಳ್ಳುವವರು ‘ನೋ ಕಾಸ್ಟ್ ಇಎಂಐ’ ಎಂದರೆ ಬಡ್ಡಿಯೇ ಇಲ್ಲ ಎಂದುಕೊಳ್ಳಬೇಡಿ. ಬಡ್ಡಿಯಷ್ಟನ್ನು ಮುಂಚೆ ಡಿಸ್ಕೌಂಟ್ ಕೊಟ್ಟು, ಆಮೇಲೆ ಬಡ್ಡಿ ಹಾಕುತ್ತಾರೆ. ಆ ಬಡ್ಡಿ ಮೇಲೆ ಶೇಕಡ 18 ಜಿಎಸ್‌ಟಿ ನಿಮ್ಮ ಕಾರ್ಡಿಗೇ ಬರುತ್ತದೆ. ವರ್ಷಕ್ಕೆ ಶೇಕಡ 15ರ ಬಡ್ಡಿ, 9 ಕಂತು ಎಂದು ಇಟ್ಟುಕೊಂಡರೆ 54,999ರ ಮೇಲೆ ಇದು ಸುಮಾರು 600 ರೂಪಾಯಿ. ಪ್ರೊಸೆಸಿಂಗ್ ಫೀ ಬೇರೆ. ದೊಡ್ಡ ಮೊತ್ತವಲ್ಲ, ಆದರೆ ಆನ್‌ಲೈನ್ ಬೆಲೆಗೂ ಅಂಗಡಿ ಬೆಲೆಗೂ ಐನೂರರ ವ್ಯತ್ಯಾಸಕ್ಕೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು ಇದನ್ನು ಕೇಳುವುದೇ ಇಲ್ಲ.

ದುಡ್ಡು ಕೊಡುವ ಮುಂಚೆ ಸೀಲ್ ನಿಮ್ಮ ಎದುರಿಗೇ ಒಡೆಸಿ. ಫೋನ್ ಆನ್ ಆದ ಮೇಲೆ *#06# ಒತ್ತಿ. ಪರದೆ ಮೇಲೆ ಬರುವ ಐಎಂಇಐ (ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ನಂಬರ್), ಡಬ್ಬಿ ಮೇಲಿನದು, ಬಿಲ್‌ನಲ್ಲಿ ಬರೆದದ್ದು ಮೂರೂ ಒಂದೇ ಇರಬೇಕು. ಅದನ್ನೇ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ಮಾಡೆಲ್ ಎಂದು ತೋರಿಸುತ್ತದೆ. ಬಿಲ್‌ನ ಒಂದು ಫೋಟೊ ಮನೆಯವರ ಫೋನಿನಲ್ಲೂ ಇರಲಿ. ವಾರಂಟಿ ಕೇಳಲು ಹೋಗುವ ದಿನ ನಿಮ್ಮ ಫೋನ್ ಆನ್ ಆಗುತ್ತಿರುವುದಿಲ್ಲ.